ಗೊರಕೆ ಇಲ್ಲವೆಂದು ಸಹಿ ಹಾಕಿದ್ದೆ

ಪಿತ್ತಕೋಶದ ಕಲ್ಲಿನ ಕಥೆ ಯಾರಿಗೂ ಹೊಸದಲ್ಲ. ಉಪ್ಪಲ್‌ನ ನಮ್ಮ ಕಾಲನಿಯಲ್ಲೇ ನಾಲ್ಕು ಜನ ಹೆಂಗಸರು ತೆಗೆಸಿಕೊಂಡಿದ್ದಾರೆ. ಅವರಲ್ಲಿ ಒಬ್ಬಾಕೆ ಆ ಕಲ್ಲುಗಳನ್ನು ಗುಳಿಗೆಯ ಡಬ್ಬಿಯಲ್ಲಿ ಹಾಕಿಟ್ಟುಕೊಂಡು, ಮನೆಗೆ ಬಂದವರಿಗೆಲ್ಲ ಚಹಾದ ಜೊತೆಗೆ ತೋರಿಸುತ್ತಾರೆ. ನಾನು ಬರೆಯಲು ಕೂತದ್ದು ಕಲ್ಲಿನ ಬಗ್ಗೆ ಅಲ್ಲ. ಆಪರೇಷನ್ನಿಗೆ ಮೊದಲು ಡಾಕ್ಟರು ಕೇಳಿದ ಒಂದು ಸಣ್ಣ ಪ್ರಶ್ನೆಗೆ ನಾನು ಸುಳ್ಳು ಹೇಳಿದೆ. ಆ ಸುಳ್ಳಿಗೆ ನನ್ನ ಜೀವ ಹೋಗುವುದಿತ್ತು. ಹೋಗಲಿಲ್ಲ. ನನ್ನ ಹಾಗೆಯೇ ಸುಳ್ಳು ಹೇಳಲು ತಯಾರಾಗಿ ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಇನ್ನೊಬ್ಬಾಕೆ ಕೂತಿರಬಹುದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಐವತ್ತೆರಡು. ತವರು, ಗಂಡನ ಮನೆ ಎರಡೂ ಬಾಗಲಕೋಟೆ ಕಡೆಯವು. ಮದುವೆಯಾಗಿ ಇಪ್ಪತ್ತಾರು ವರ್ಷ, ಹೈದರಾಬಾದಿಗೆ ಬಂದೂ ಹೆಚ್ಚುಕಡಿಮೆ ಅಷ್ಟೇ. ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ಅಳೆದು, ಪರೀಕ್ಷಿಸಿ, ಸರಿಯಿದ್ದರೆ ಸಹಿ ಹಾಕುವುದು ನನ್ನ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ವಾಪಸ್ ಕಳಿಸುತ್ತೇನೆ. ಕಣ್ಣಾರೆ ನೋಡದೆ ಸಹಿ ಹಾಕಿದ್ದು ನನ್ನ ಸರ್ವಿಸಿನಲ್ಲೇ ಇಲ್ಲ. ಅದಕ್ಕೆ ಹುಡುಗರು ಬೆನ್ನ ಹಿಂದೆ ನನ್ನನ್ನು ರಿಜೆಕ್ಷನ್ ಮೇಡಂ ಅನ್ನುತ್ತಾರೆ. ಅನ್ನಲಿ. ನಮ್ಮ ಮನೆಯವರು, ಮಹಾಂತೇಶ, ಇನ್ನೊಂದು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬಿಡಿಸುವವರು. ನಾನು ಹತ್ತು ಮಾತಾಡಿದರೆ ಅವರದು ಒಂದು ಹೂಂ. ಒಬ್ಬಳೇ ಮಗಳು ಪಲ್ಲವಿ, ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ.

ಇನ್ನು ನನ್ನ ಗೊರಕೆಯ ವಿಷಯ. ನೋಡಿ, ಇಷ್ಟು ಬರೆಯುವುದಕ್ಕೂ ಎರಡು ಸಲ ಎದ್ದು ನೀರು ಕುಡಿದು ಬಂದೆ. ಮದುವೆಯಾದ ಹೊಸದರಲ್ಲಿ ಗಂಡನ ಮನೆಯ ಪಡಸಾಲೆಯಲ್ಲಿ ಹೆಂಗಸರೆಲ್ಲ ಸಾಲಾಗಿ ಮಲಗಿದ್ದೆವು. ಬೆಳಿಗ್ಗೆ ನಾದಿನಿಯರಿಬ್ಬರು ರೊಟ್ಟಿ ಬಡಿಯುತ್ತ ಹಿಟ್ಟಿನ ಗಿರಣಿಯ ಸದ್ದು ಮಾಡಿ ತೋರಿಸಿ ನಕ್ಕರು. ಅತ್ತೆಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ನಗುವುದಕ್ಕೇ ಇದ್ದ ಮಾತು ಅದು, ಕೆಡುಕು ಅದರಲ್ಲಿ ಇರಲಿಲ್ಲ. ಆದರೆ ಇಪ್ಪತ್ತಾರರ ಹೊಸ ಸೊಸೆ ನಾನು, ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು. ಅವತ್ತಿನಿಂದ ಪರರ ಎದುರು ನಾನು ನಿದ್ದೆ ಮಾಡಿದವಳಲ್ಲ. ರೈಲಿನಲ್ಲಿ ಬೆಳತನಕ ಕೂತಿರುತ್ತೇನೆ. ಮದುವೆ ಮನೆಗಳಲ್ಲಿ ಸಾಮಾನು ಕಾಯುವವಳು ಯಾವಾಗಲೂ ನಾನೇ. ವಿಜಯಕ್ಕ ಭಾಳ ಜವಾಬ್ದಾರಿ ಹೆಂಗಸು ಅಂತ ನಮ್ಮ ಬಳಗದಲ್ಲಿ ಹೆಸರು ಬಂದದ್ದು ಹೀಗೆ.

ಮನೆಯವರು ಒಂದೇ ಒಂದು ಸಲ, ಪಲ್ಲವಿ ಚಿಕ್ಕವಳಿದ್ದಾಗ, ಈ ಮಾತು ಎತ್ತಿದ್ದರು. ನಾಲ್ಕು ದಿನ ನಾನು ಅವರ ಜೊತೆ ಮಾತು ಬಿಟ್ಟೆ. ಐದನೆಯ ದಿನ ಅವರು ಮಲ್ಲಿಗೆ ತಂದರು. ಆ ಶಬ್ದ ನಮ್ಮ ಮನೆಯಲ್ಲಿ ಮತ್ತೆ ಕೇಳಿಸಲಿಲ್ಲ.

ಹೋದ ಚಳಿಗಾಲದಲ್ಲಿ ಊಟವಾದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ನೋವು ಶುರುವಾಯಿತು. ಗ್ಯಾಸ್ ಎಂದು ಅಜವಾನದ ನೀರು ಕುಡಿದೆ, ಓಮದ ಪುಡಿ ನುಂಗಿದೆ. ಅಜವಾನ, ಓಮ ಎರಡೂ ಒಂದೇ ಎಂದು ಮಗಳು ಹೇಳಿದರೂ ಕೇಳಲಿಲ್ಲ. ಒಂದು ಮುಂಜಾನೆ ಕನ್ನಡಿಯಲ್ಲಿ ಕಣ್ಣು ಹಳದಿ ಕಂಡವು. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ತುಂಬ ಕಲ್ಲು, ಅದರಲ್ಲಿ ಒಂದು ಜಾರಿ ನಾಳದಲ್ಲಿ ಸಿಕ್ಕಿಕೊಂಡಿತ್ತು. ಮೊದಲು ಬಾಯಿಯಿಂದ ನಳಿಕೆ ಇಳಿಸಿ ಆ ಒಂದನ್ನು ತೆಗೆಯಬೇಕು, ಆಮೇಲೆ ಪಿತ್ತಕೋಶದ ಆಪರೇಷನ್. ನಾಂಪಲ್ಲಿ ಕಡೆಯ ಒಂದು ಆಸ್ಪತ್ರೆಗೆ ಕಾರ್ಖಾನೆಯಿಂದ ಚೀಟಿ ಬರೆದುಕೊಟ್ಟರು.

ಅದು ಜನವರಿ. ಅಮೀರ್‌ಪೇಟೆಯಲ್ಲಿ ಮೆಟ್ರೊ ಬದಲಿಸಿದರೆ ಗಾಡಿಯ ತುಂಬ ಪ್ರತಿ ವರ್ಷ ಅಲ್ಲಿ ನಡೆಯುವ ಎಕ್ಸಿಬಿಷನ್ನಿಗೆ ಹೊರಟವರು. ನಾಂಪಲ್ಲಿಯಲ್ಲಿ ಎಲ್ಲರೂ ಒಟ್ಟಿಗೇ ಇಳಿದೆವು, ಅವರು ಮಕ್ಕಳ ಕೈ ಹಿಡಿದು ಆ ಕಡೆ, ನಾವು ಫೈಲು ಹಿಡಿದು ಈ ಕಡೆ.

ಅರಿವಳಿಕೆ ಕೊಟ್ಟು ಮತ್ತು ಬರಿಸುವ ಡಾಕ್ಟರು ಮೊದಲೇ ಒಮ್ಮೆ ನೋಡಬೇಕಂತೆ. ಅದರ ಸರದಿಗೆ ಕಾಯುವ ಹಾಲ್‌ನಲ್ಲಿ ಟಿವಿಗೆ ದನಿ ಇರಲಿಲ್ಲ, ಒಂದು ತೆಲುಗು ಧಾರಾವಾಹಿಯ ಅತ್ತೆ ಸೊಸೆ ಬಾಯಿ ಮಾತ್ರ ಆಡಿಸುತ್ತಿದ್ದರು. ನಾನು, ಮನೆಯವರು, ಪಲ್ಲವಿ ಕೂತು ಅರ್ಧ ತಾಸಾಗಿತ್ತು. ಆಗ ಬಾಗಿಲಲ್ಲಿ ಸಂಗಮ್ಮ ಕಾಣಿಸಿಕೊಂಡರು, ಕೈಯಲ್ಲಿ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್.

ಸಂಗಮ್ಮನವರು ಕಲಬುರಗಿ ಕಡೆಯವರು, ದಿಲ್‌ಸುಖ್‌ನಗರದಲ್ಲಿ ಬಟ್ಟೆ ಅಂಗಡಿ. ಅವರ ಮಗ ಬಸವರಾಜನಿಗೆ ನಮ್ಮ ಪಲ್ಲವಿಯನ್ನು ನೋಡಿ ಹೋಗಿ ಹದಿನೈದು ದಿನವಾಗಿತ್ತು. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡುತ್ತಿದ್ದರು, ಇಬ್ಬರಿಗೂ ಮನಸ್ಸಿತ್ತು. ದೊಡ್ಡವರಿಂದ ಒಪ್ಪಿಗೆಯ ಮಾತು ಬರುವುದಷ್ಟೇ ಬಾಕಿ. ಈ ಹೊತ್ತಿನಲ್ಲಿ ನನಗೆ ಕಾಯಿಲೆ ಎಂದು ತಿಳಿದು ಅವರು ಬಂದಿದ್ದರು. ನಮ್ಮ ಮಂದಿಯಲ್ಲಿ ಆಸ್ಪತ್ರೆಗೆ ಒಬ್ಬರು ಹೋದರೆ ಐದು ಜನ ಜೊತೆಗೆ ಹೋಗುವುದು ರೂಢಿ. ಬೀಗರಾಗಲಿರುವವರು ಬಾರದಿದ್ದರೆ ಅದೇ ಒಂದು ಮಾತಾಗುತ್ತದೆ. ನನ್ನ ಹೆಸರು ಕೂಗಿದಾಗ ಎಲ್ಲರೂ ಎದ್ದೆವು. ಒಬ್ಬರೇ ಹೋಗಿ ಎಂದು ಬಾಗಿಲ ಹತ್ತಿರ ನಿಂತ ಸೆಕ್ಯೂರಿಟಿಯವನು ಹೇಳಿದ, ಅಷ್ಟರಲ್ಲಿ ನಾವು ನಾಲ್ವರೂ ಒಳಗಿದ್ದೆವು.

ಡಾಕ್ಟರಮ್ಮನಿಗೆ ಮೂವತ್ತೈದು ಇರಬಹುದು. ಬಾಯಿ ತೆರೆಸಿ ಗಂಟಲು ನೋಡಿದರು, ಕತ್ತನ್ನು ಹಿಂದೆ ಬಗ್ಗಿಸಿದರು, ಟೇಪಿನಲ್ಲಿ ಕತ್ತಿನ ಸುತ್ತಳತೆ ತೆಗೆದರು. ಕುಪ್ಪಸ ಹೊಲಿಯಲು ಅಳತೆ ಕೊಟ್ಟ ಹಾಗೆ ನಿಂತೆ. ಬಿಪಿ ಇದೆಯೇ, ಸಕ್ಕರೆ ಇದೆಯೇ, ಹಲ್ಲಿನ ಸೆಟ್ ಇದೆಯೇ ಎಂದು ಕೇಳುತ್ತ ಫಾರ್ಮಿನಲ್ಲಿ ಗುರುತು ಹಾಕುತ್ತ ಹೋದರು. ಎಲ್ಲಕ್ಕೂ ಸರಿಯಾಗಿಯೇ ಹೇಳಿದೆ. ಆಮೇಲೆ ತಲೆಯೆತ್ತಿ ಕೇಳಿದರು: "ಗುರಕ ಪೆಡತಾರಾ ಅಮ್ಮಾ?"

ಗೊರಕೆ ಹೊಡೆಯುತ್ತೀರಾ ಎಂದು ತೆಲುಗಿನಲ್ಲಿ ಕೇಳಿದರೂ ಆ ಕೋಣೆಯಲ್ಲಿ ಯಾರಿಗೆ ತಿಳಿಯಲಿಲ್ಲ ಹೇಳಿ. ಸಂಗಮ್ಮ ನನ್ನ ಪಕ್ಕದಲ್ಲೇ ಇದ್ದರು. ತಾಯಿಗೆ ಇದ್ದದ್ದು ಮಗಳಿಗೂ ಇದೆಯೋ ಏನೋ ಎಂದು ಅವರು ಮನೆಗೆ ಹೋಗಿ ಗಂಡನ ಹತ್ತಿರ ಹೇಳುವುದು, ಅಲ್ಲಿಂದ ಮಾತು ಕಲಬುರಗಿಗೆ ಹೋಗುವುದು, ನಾದಿನಿಯರ ಆ ಗಿರಣಿ ಸದ್ದು, ಎಲ್ಲ ಒಮ್ಮೆಗೇ ತಲೆಗೆ ಬಂತು. ಮನೆಯವರು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ನಾನು ಇಲ್ಲ ಎಂದೆ. ಡಾಕ್ಟರಮ್ಮ ಟೇಪಿನ ಕಡೆ ನೋಡಿ ಇನ್ನೊಮ್ಮೆ ಕೇಳಿದರು. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ, ಹಗಲು ಹೊತ್ತು ತೂಕಡಿಕೆ ಬರುತ್ತದೆಯೇ ಎಂದೂ ಕೇಳಿದರು. ಇಲ್ಲವೇ ಇಲ್ಲ ಎಂದು ದನಿ ಸ್ವಲ್ಪ ಏರಿಸಿಯೇ ಹೇಳಿದೆ. ಮನೆಯವರು ತಮ್ಮ ಚಪ್ಪಲಿ ನೋಡುತ್ತ ಕೂತರು. ಫಾರ್ಮಿನ ಕೆಳಗೆ ನಾನು ಸಹಿ ಹಾಕಿದೆ. ಎರಡು ದಿನ ಬಿಟ್ಟು ನಳಿಕೆ ಇಳಿಸುವುದೆಂದು ಗೊತ್ತಾಯಿತು.

ಅವತ್ತು ಮುಂಜಾನೆ ನನ್ನನ್ನು ಒಳಗೆ ಕರೆದುಕೊಂಡ ಕೇರಳದ ನರ್ಸು ನನ್ನ ಉಗುರು ನೋಡಿ ತಲೆಯಾಡಿಸಿದಳು. ಬೀಗರು ಬಂದು ಹೋಗುವ ದಿನಗಳೆಂದು ಪಲ್ಲವಿ ಬಣ್ಣ ಹಚ್ಚಿದ್ದಳು. ಬೆರಳಿಗೆ ಕ್ಲಿಪ್ ಹಾಕುತ್ತೇವೆ, ಅದರ ಬೆಳಕು ಬೆರಳಿನೊಳಗೆ ಹಾಯಬೇಕು, ಬಣ್ಣ ಇದ್ದರೆ ಆಕ್ಸಿಜನ್ ಲೆಕ್ಕ ತಪ್ಪಬಹುದು ಎಂದು ಹಿಂದಿಯಲ್ಲಿ ಹೇಳುತ್ತ ಹತ್ತೂ ಬೆರಳು ಒರೆಸಿದಳು. ನನಗೆ ಖುಷಿಯಾಯಿತು. ಅಳತೆಯ ಸಾಮಾನನ್ನು ಹೀಗೆ ಜೋಪಾನವಾಗಿ ಬಳಸುವವರನ್ನು ಕಂಡರೆ ನನಗೆ ಗೌರವ. ಗೊರಕೆಯ ವಿಷಯ ಆ ಹುಡುಗಿಗಾದರೂ ಹೇಳಬಹುದಿತ್ತು, ಅಲ್ಲಿ ಸಂಗಮ್ಮ ಇರಲಿಲ್ಲ. ಹೇಳಲಿಲ್ಲ. ಒಮ್ಮೆ ಸಹಿ ಹಾಕಿ ಆಗಿತ್ತಲ್ಲ.

ಮೂಗಿಗೆ ಸಣ್ಣ ನಳಿ ಸಿಕ್ಕಿಸಿದರು. ಕಚ್ಚಿಕೊಳ್ಳಲು ಬಾಯಿಗೆ ಪ್ಲಾಸ್ಟಿಕ್ಕಿನ ಬಳೆಯಂಥದ್ದು ಕೊಟ್ಟರು. ಎಡಗಡೆಗೆ ಹೊರಳಿ ಮಲಗಿದೆ. ಪೂರ್ತಿ ಮತ್ತಲ್ಲ, ನಿದ್ದೆಯಷ್ಟೇ ಎಂದರು. ಮಷೀನು ಟಿಕ್ ಟಿಕ್ ಅನ್ನುತ್ತಿತ್ತು, ಒಂದೇ ಸಮ, ಒಳ್ಳೆಯ ಮಷೀನು ಅಂದುಕೊಂಡದ್ದು ನೆನಪಿದೆ. ಡಾಕ್ಟರಮ್ಮ ನನ್ನ ತಲೆಯ ಹತ್ತಿರ ಒಂದು ಸ್ಟೂಲಿನ ಮೇಲೆ ಕೂತಿದ್ದರು.

ಎಚ್ಚರವಾದಾಗ ದವಡೆ ಎರಡೂ ಕಡೆ ನೋಯುತ್ತಿತ್ತು. ಮುಖದ ಮೇಲೆ ಬಿಗಿಯಾದ ಮಾಸ್ಕು. ಅಂಗಾತ ಮಲಗಿದ್ದೆ. ನನ್ನನ್ನು ಯಾವಾಗ ತಿರುಗಿಸಿದರೋ ಗೊತ್ತಿಲ್ಲ. ಡಾಕ್ಟರಮ್ಮನ ಕೂದಲು ಟೋಪಿಯಿಂದ ಹೊರಗೆ ಬಂದು ಹಣೆಗೆ ಅಂಟಿತ್ತು. ನನ್ನ ಹೆಸರು ಹೇಳಿಸಿದರು, ಊರು ಹೇಳಿಸಿದರು, ದೀರ್ಘವಾಗಿ ಉಸಿರಾಡಿ ಎಂದು ಮತ್ತೆ ಮತ್ತೆ ಹೇಳಿದರು. ಕಲ್ಲು ತೆಗೆದಿರೇನು ಎಂದು ಕೇಳಿದೆ. ತೆಗೆದಿಲ್ಲ, ಶುರು ಮಾಡುವುದಕ್ಕೂ ಆಗಲಿಲ್ಲ ಎಂದರು.

ಮಧ್ಯಾಹ್ನ ವಾರ್ಡಿನಲ್ಲಿ ನಾವು ಮೂವರೇ ಇದ್ದಾಗ ಡಾಕ್ಟರಮ್ಮ ಬಂದು ಬಾಗಿಲು ಹಾಕಿ ಕೂತರು. ನಿದ್ದೆಯ ಔಷಧಿ ಹತ್ತಿದ ಸ್ವಲ್ಪ ಹೊತ್ತಿಗೆ ನನ್ನ ಗಂಟಲು ಒಳಗೇ ಮುಚ್ಚಿಕೊಂಡಿತಂತೆ. ಎದೆ ಏರಿಳಿಯುತ್ತಿತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ. ಮೂಗಿನ ನಳಿಯಲ್ಲಿ ಹೊರಬರುವ ಉಸಿರನ್ನು ತೋರಿಸುವ ಒಂದು ಗೆರೆ ಪರದೆಯ ಮೇಲೆ ಇರುತ್ತದೆ, ಮೊದಲು ಅದು ಮಲಗಿತು. ಬೆರಳಿನ ಅಂಕಿ ಆಗಿನ್ನೂ ಚೆನ್ನಾಗಿಯೇ ಇತ್ತು. ಬೆರಳಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ ಎಂದರು. ಅಂಕಿ ಇಳಿಯಲು ಕಾಯದೆ, ಆಗಷ್ಟೇ ಇಳಿಸಲು ತೊಡಗಿದ್ದ ನಳಿಕೆ ತೆಗೆಸಿ, ನನ್ನನ್ನು ತಿರುಗಿಸಿ, ದವಡೆ ಮೇಲೆತ್ತಿ ಹಿಡಿದು ಮಾಸ್ಕಿನಿಂದ ಗಾಳಿ ಕೊಟ್ಟಿದ್ದರು. ಅಷ್ಟು ಮಾಡಿದರೂ ಅಂಕಿ ಎಪ್ಪತ್ತಕ್ಕೆ ಬಂದು ಆಮೇಲೆ ಏರಿತಂತೆ. ಇದನ್ನೆಲ್ಲ ಅವರು ಸಿಟ್ಟಿಲ್ಲದೆ ಹೇಳಿದರು. ಹೇಳಿ ಮುಗಿಸಿ, ನೀವು ನನ್ನಿಂದ ಏನೋ ಮುಚ್ಚಿಟ್ಟಿದ್ದೀರಿ, ಅದು ಏನೆಂದು ತಿಳಿಯದೆ ನಾನು ನಿಮಗೆ ಮತ್ತೊಮ್ಮೆ ಔಷಧಿ ಕೊಡುವುದಿಲ್ಲ ಎಂದರು. ಕಲ್ಲು ಒಳಗೇ ಇದೆ, ಜ್ವರ ಬಂದರೆ ಕಷ್ಟ, ಹತ್ತು ಹನ್ನೆರಡು ದಿನಕ್ಕಿಂತ ಹೆಚ್ಚು ಕಾಯಲಾಗದು ಎಂದೂ ಹೇಳಿದರು.

ನಾನು ಗೋಡೆ ನೋಡಿದೆ. ಮನೆಯವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹಿಂದಿಯಲ್ಲಿ ಶುರುಮಾಡಿದರು, ಎರಡು ಮಾತಿಗೆ ನಿಂತಿತು. ಆಮೇಲೆ ನನ್ನ ಕಡೆಗೇ ತಿರುಗಿ ಕನ್ನಡದಲ್ಲಿ ಹೇಳಿದರು. ಪಲ್ಲವಿ ಒಂದೊಂದೇ ಮಾತನ್ನು ತೆಲುಗಿನಲ್ಲಿ ಡಾಕ್ಟರಿಗೆ ಹೇಳುತ್ತ ಹೋದಳು.

"ಗೊರಕಿ ಅಷ್ಟ ಅಲ್ಲ ವಿಜಯಾ. ನಿದ್ದ್ಯಾಗ ನಿನ್ನ ಉಸಿರ ನಿಂದರತೈತಿ. ನಾ ಹತ್ತು ಎಣಸತೀನಿ. ಬರಲಿಲ್ಲ ಅಂದ್ರ ಭುಜಾ ಹಿಡದು ಅಲುಗಸತೀನಿ. ಆಮ್ಯಾಲೆ ಬರತೈತಿ."

ಎಷ್ಟು ವರ್ಷದಿಂದ ಎಂದು ಕೇಳಿದೆ. ಹತ್ತು ಹನ್ನೆರಡು ವರ್ಷ ಆಗಿರಬೇಕು ಎಂದರು.

ನಾನು ಇಲ್ಲಿ ನಿಂತು ಒಂದು ಮಾತು ಹೇಳಬೇಕು. ಅವರು ಭುಜ ಅಲುಗಿಸುವುದು ನನಗೆ ಗೊತ್ತಿತ್ತು. ಅರೆನಿದ್ದೆಯಲ್ಲಿ ಎಷ್ಟೋ ಸಲ ಗೊತ್ತಾಗಿದೆ. ನನ್ನ ಸದ್ದು ತಡೆಯಲಾರದೆ ತಿವಿಯುತ್ತಿದ್ದಾರೆ ಅಂದುಕೊಂಡಿದ್ದೆ. ನಿಮಗೆ ತ್ರಾಸಾದರೆ ಹೊರಗೆ ಹಾಲ್‌ನಲ್ಲಿ ಹೋಗಿ ಮಲಗಿ ಎಂದು ಜಗಳ ತೆಗೆದಿದ್ದೆ. ಒಮ್ಮೆ ಅವರ ಹಾಸಿಗೆ, ದಿಂಬು ಎಲ್ಲ ಎತ್ತಿ ಹಾಲ್‌ಗೆ ಎಸೆದಿದ್ದೆ. ಅವರು ಮಾತಿಲ್ಲದೆ ಮಡಚಿಕೊಂಡು ವಾಪಸ್ ಬಂದಿದ್ದರು. ಎಂಥ ಮಾನಗೇಡಿ ಮನುಷ್ಯ ಇವರು ಎಂದು ನಾನು ಗೊಣಗಿದ್ದೆ.

"ಯಾಕ ಹೇಳಲಿಲ್ರಿ ನೀವು?" ಎಂದೆ.

"ಹೇಳಿದ್ರ ನೀ ಮಲಗೋದ ಬಿಡತಿದ್ದಿ," ಎಂದರು. ಕನ್ನಡಕ ಹಾಕಿಕೊಂಡು ಇನ್ನೊಂದು ಮಾತು ಹೇಳಿದರು. "ಅವತ್ತು ಆ ರೂಮಿನ್ಯಾಗ ಸಂಗಮ್ಮಾರ ಮುಂದ ನಾ ಬಾಯಿ ಮುಚ್ಚಿದೆ, ಅದು ನನ್ನ ತಪ್ಪು. ಇವತ್ತ ನಿನ್ನ ಒಳಗ ಒಯ್ದ ಮ್ಯಾಲೆ ಹೊರಗ ಕುಂತಾಗ ನೆನಪಾತು, ಅಲ್ಲಿ ನಿನ್ನ ಭುಜಾ ಹಿಡಿಯಾಕ ಯಾರದಾರ ಅಂತ."

ಪಲ್ಲವಿ ಈ ಕೊನೆಯ ಮಾತನ್ನು ಅನುವಾದ ಮಾಡಲಿಲ್ಲ. ಬಾಯಿಗೆ ದುಪಟ್ಟಾ ಹಿಡಿದುಕೊಂಡು ನಿಂತಿದ್ದಳು. ಡಾಕ್ಟರಮ್ಮ ಅದನ್ನು ಕೇಳಲೂ ಇಲ್ಲ, ಅವರಿಗೆ ಬೇಕಾದದ್ದು ಸಿಕ್ಕಿತ್ತು. ಹನ್ನೆರಡು ವರ್ಷ ಯಾವ ಮಷೀನೂ ಇಲ್ಲದೆ ನೀವು ನನ್ನ ಕೆಲಸ ಮಾಡಿದ್ದೀರಿ ಎಂದು ಮನೆಯವರಿಗೆ ಹೇಳಿದರು. ಆಮೇಲೆ ಇಬ್ಬರಿಗೂ ಚೆನ್ನಾಗಿ ಬೈದರು. ನಾನು ಅತ್ತುಬಿಟ್ಟೆ, ಹಾಗೆ ಅಳುವವಳಲ್ಲ ನಾನು. ನನ್ನ ಕೆಳಗೆ ಒಬ್ಬ ಹುಡುಗ ನೋಡದೆ ಸಹಿ ಹಾಕಿದ್ದನೆಂದು ಒಮ್ಮೆ ಅವನನ್ನು ಎಲ್ಲರ ಎದುರು ನಿಲ್ಲಿಸಿ ಬೈದಿದ್ದೆ. ಅವನು ನೋಡದೆ ಹಾಕಿದ್ದ. ನಾನು ಗೊತ್ತಿದ್ದೂ ಹಾಕಿದ್ದೆ.

ಆಮೇಲಿನ ದಿನಗಳು ವಿಚಿತ್ರವಾಗಿದ್ದವು. ಮನೆಗೇ ಒಂದು ಸಣ್ಣ ಪೆಟ್ಟಿಗೆ ಕೊಟ್ಟು ಕಳಿಸಿದರು. ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ ಹಾಕಿಕೊಂಡು ಮಲಗಿ ವಾಪಸ್ ಕೊಟ್ಟರೆ ಅದರಲ್ಲಿ ನಿದ್ದೆಯ ಕಥೆಯೆಲ್ಲ ಬರೆದುಕೊಂಡಿರುತ್ತದೆ. ನನ್ನ ಕಾಗದ ನೋಡಿದ ನಿದ್ದೆಯ ಡಾಕ್ಟರು ಹುಬ್ಬೇರಿಸಿದರು. ಅಳತೆಯ ಗೆರೆಗಳನ್ನು ಓದುವುದು ನನ್ನ ಕಸುಬು. ಗೆರೆ ಇಳಿದು ಇಳಿದು ಮತ್ತೆ ಏಳುವುದನ್ನು ನಾನೇ ನೋಡಿದೆ. ಈ ಭಾಗ ನನ್ನ ಮೇಜಿಗೆ ಬಂದಿದ್ದರೆ ಎರಡನೇ ಯೋಚನೆಯಿಲ್ಲದೆ ರಿಜೆಕ್ಟ್ ಮಾಡುತ್ತಿದ್ದೆ.

ಗಾಳಿಯ ಮಷೀನೊಂದನ್ನು ಬಾಡಿಗೆಗೆ ತಂದೆವು. ಮೂಗಿಗೆ ಮಾಸ್ಕು ಕಟ್ಟಿಕೊಂಡರೆ ಅದು ಗಾಳಿಯನ್ನು ಒತ್ತಿ ಕಳಿಸಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಆಪರೇಷನ್ನಿಗೆ ಮೊದಲು ಅದಕ್ಕೆ ಒಗ್ಗಿಕೊಳ್ಳಬೇಕು ಎಂಬುದು ಡಾಕ್ಟರಮ್ಮನ ಷರತ್ತು. ಮೊದಲ ದಿನ ಕಿತ್ತೆಸೆದೆ. ಎರಡನೆಯ ದಿನ ಹಗಲಿನಲ್ಲಿ ಧಾರಾವಾಹಿ ನೋಡುತ್ತ ಕಟ್ಟಿಕೊಂಡು ಕೂತೆ. ಪಕ್ಕದ ಮನೆಯಾಕೆ ಹಾಲಿಗೆ ಹೆಪ್ಪು ಕೇಳಲು ಬಂದವಳು ನನ್ನನ್ನು ನೋಡಿ ಬಟ್ಟಲು ಅಲ್ಲೇ ಬಿಟ್ಟು ಹೋದಳು. ಐದಾರು ದಿನಕ್ಕೆ ಒಗ್ಗಿತು. ಒಂದು ಬೆಳಿಗ್ಗೆ ಎದ್ದಾಗ ತಲೆ ಹಗುರವಾಗಿತ್ತು. ಆಫೀಸಿನಲ್ಲಿ ಮಧ್ಯಾಹ್ನದ ಹೊತ್ತು ಕಣ್ಣೆಳೆಯುವುದು ವಯಸ್ಸಿನ ಕಾರಣಕ್ಕೆ ಅಂದುಕೊಂಡಿದ್ದೆನಲ್ಲ, ಅದು ವಯಸ್ಸಲ್ಲ. ಎಷ್ಟೋ ವರ್ಷದ ನಿದ್ದೆ ನನಗೆ ಆಗಿರಲೇ ಇಲ್ಲ.

ದೇಹಕ್ಕೆ ಹಾದಿ ಸಿಕ್ಕಿತು. ಮನಸ್ಸಿನಲ್ಲಿ ಮಾತ್ರ ಸಂಗಮ್ಮ ಕೂತೇ ಇದ್ದರು. ನಳಿಕೆ ಯಾಕೆ ಮುಂದಕ್ಕೆ ಹೋಯಿತು ಎಂದು ಅವರು ಫೋನಿನಲ್ಲಿ ಕೇಳಿದಾಗ ಬಿಪಿ ಏರಿತ್ತು ಎಂದುಬಿಟ್ಟೆ. ನೋಡಿ, ಇಷ್ಟೆಲ್ಲ ಆದ ಮೇಲೂ. ಪಲ್ಲವಿ ಅದನ್ನು ಕೇಳಿಸಿಕೊಂಡಳು. ರಾಗಿ ಅಂಬಲಿಯ ಬಟ್ಟಲು ನನ್ನ ಮುಂದಿಟ್ಟು, "ಅವ್ವಾ, ನನ್ನ ಸಲುವಾಗಿ ಅಂತ ಇನ್ನೊಮ್ಮೆ ಸುಳ್ಳ ಹೇಳಬ್ಯಾಡ. ನನಗ ಮದುವಿಕಿಂತ ನೀ ಬೇಕು," ಎಂದಳು. ಹೇಳಿ ಶಾಲೆಗೆ ಹೋದಳು. ಅಂಬಲಿ ಆರಿ ಕೆನೆಗಟ್ಟುವ ತನಕ ನಾನು ಅಲ್ಲೇ ಕೂತಿದ್ದೆ.

ಎರಡನೆಯ ಸಲದ ತಪಾಸಣೆ ಶುಕ್ರವಾರ. ಈ ಸಲ ಪೂರ್ತಿ ಮತ್ತು ಕೊಟ್ಟು ನಾಳದ ಕಲ್ಲು, ಪಿತ್ತಕೋಶ ಎರಡನ್ನೂ ಒಂದೇ ಸಲಕ್ಕೆ ತೆಗೆಯುವುದೆಂದು ತೀರ್ಮಾನವಾಗಿತ್ತು. ಸಂಗಮ್ಮ ಬಾರದಿರಲಿ ಎಂದು ದೇವರನ್ನು ಬೇಡಿಕೊಂಡಿದ್ದೆ. ಅವರು ಬಂದರು, ಈ ಸಲ ಹೆಸರುಬೇಳೆ ಪಾಯಸ. ಡಾಕ್ಟರಮ್ಮ ನಮ್ಮ ಗುಂಪು ನೋಡಿ, ಬೇರೆಯವರು ಹೊರಗೆ ಇರಲಿ ಎಂದರು. ಡಾಕ್ಟರಿಗೆ ನನ್ನ ವಿಷಯ ಎಲ್ಲ ಗೊತ್ತಿತ್ತು, ನಾನು ಸುಮ್ಮನಿದ್ದರೂ ನಡೆಯುತ್ತಿತ್ತು. ಆದರೆ ಇವತ್ತು ಬಾಯಿ ಬಿಡದಿದ್ದರೆ ಈ ಜನ್ಮದಲ್ಲಿ ಬಿಡುವುದಿಲ್ಲ ಎಂದು ನನಗೇ ಗೊತ್ತಾಯಿತು. ಇವರೆಲ್ಲ ಇಲ್ಲೇ ಇರಲಿ, ನೀವು ಅವತ್ತಿನ ಪ್ರಶ್ನೆ ಮತ್ತೆ ಕೇಳಿ ಎಂದೆ. ಡಾಕ್ಟರಮ್ಮ ನನ್ನ ಮುಖ ನೋಡಿ, ಪೆನ್ನು ಕೈಗೆ ತೆಗೆದುಕೊಂಡು ಕೇಳಿದರು. ಹೌದು, ಜೋರಾಗಿ ಹೊಡೆಯುತ್ತೇನೆ, ನಡುನಡುವೆ ಉಸಿರೂ ನಿಲ್ಲುತ್ತದೆ, ನಮ್ಮ ಮನೆಯವರು ಹನ್ನೆರಡು ವರ್ಷದಿಂದ ಎಬ್ಬಿಸುತ್ತಿದ್ದಾರೆ, ಹೋದ ಸಲ ಸುಳ್ಳು ಹೇಳಿದ್ದೆ ಎಂದು ಒಂದೇ ಉಸಿರಿಗೆ ಹೇಳಿದೆ.

ಸಂಗಮ್ಮ ಡಬ್ಬಿಯ ಮುಚ್ಚಳ ಒತ್ತಿ ಕೂರಿಸಿದರು. ಹೊರಗೆ ಬಂದ ಮೇಲೆ, ಕಾರಿಡಾರಿನಲ್ಲಿ ನಾವಿಬ್ಬರೇ ಆದಾಗ ಮೆಲ್ಲಗೆ ಕೇಳಿದರು.

"ತಪ್ಪ ತಿಳೀಬ್ಯಾಡ್ರಿ. ಮಗಳಿಗೂ ಐತೇನ್ರಿ?"

"ಈಗ ಇಲ್ರಿ. ಮುಂದ ಗೊತ್ತಿಲ್ಲ," ಎಂದೆ. "ಬಂದ್ರ ನಿಮ್ಮ ಮಗಾ ಎದ್ದ ಕುಂಡ್ರಬೇಕಾಗತೈತ್ರಿ, ನಮ್ಮನಿಯವರಂಗ."

ಒರಟಾಗಿ ಬಂತು ಮಾತು. ನನ್ನ ಬಾಯೇ ಹಾಗೆ. ಅವರು ಪಾಯಸದ ಡಬ್ಬಿಯನ್ನು ಹಿಂದೆ ಬಂದ ಪಲ್ಲವಿಯ ಕೈಗೆ ಕೊಟ್ಟು, ಮೆಟ್ರೊಗೆ ಹೊತ್ತಾಯಿತು ಎಂದು ಹೋದರು. ಸಂಬಂಧ ಕೈಬಿಟ್ಟಿತು ಅಂತಲೇ ನಾನು ತಿಳಿದೆ. ದುಃಖವಾಯಿತು. ಆದರೆ ಎದೆಯ ಮೇಲಿನ ಒಂದು ಭಾರ ಇಳಿದದ್ದೂ ನಿಜ. ಮನೆಗೆ ಬರುವಾಗ ಮೆಟ್ರೊದಲ್ಲಿ ಕೂತಲ್ಲೇ ನಿದ್ದೆ ಮಾಡಿದೆ, ಎಲ್ಲರ ಎದುರಿಗೆ. ಸದ್ದು ಬಂತೋ ಇಲ್ಲವೋ ಮನೆಯವರನ್ನು ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಮಷೀನೂ ನನ್ನ ಜೊತೆಗೇ ಒಳಗೆ ಬಂತು. ತಲೆ, ಭುಜಗಳ ಕೆಳಗೆ ದಿಂಬಿಟ್ಟು ಎತ್ತರಿಸಿದರು. ಅರಿವಳಿಕೆ ಕೊಡುವ ಮೊದಲು ಮಾಸ್ಕಿನಲ್ಲಿ ಬಹಳ ಹೊತ್ತು ಉಸಿರಾಡಿಸಿದರು, ಒಳಗೆ ಆಕ್ಸಿಜನ್ ತುಂಬಿಟ್ಟುಕೊಳ್ಳಲಿಕ್ಕಂತೆ. ಗಂಟಲಿಗೆ ನಳಿ ಇಳಿಸಲು ಕ್ಯಾಮೆರಾ ತಯಾರಿತ್ತು. ಇನ್ನೊಬ್ಬ ಡಾಕ್ಟರೂ ಬಂದು ನಿಂತಿದ್ದರು. ನನ್ನೊಬ್ಬಳಿಗಾಗಿ ಇಷ್ಟೆಲ್ಲ ತಯಾರಿ ನೋಡಿ ನಾಚಿಕೆಯಾಯಿತು, ಧೈರ್ಯವೂ ಬಂತು. ಹೋದ ಸಲ ಇವರಿಗೆ ಇದನ್ನೆಲ್ಲ ಮಾಡಲು ಅವಕಾಶವನ್ನೇ ನಾನು ಕೊಟ್ಟಿರಲಿಲ್ಲ. ಡಾಕ್ಟರಮ್ಮ ಬಗ್ಗಿ, ಹೊರಗೆ ನಿಮ್ಮ ಯಜಮಾನರು ಹೇಗಿದ್ದಾರೆ ಎಂದು ಕೇಳಿದರು. ಚಪ್ಪಲಿ ನೋಡುತ್ತ ಕೂತಿರುತ್ತಾರೆ ಎಂದೆ. ಅವರು ನಕ್ಕರು. ಅಮ್ಮಾ, ಒಳಗೆ ನಾನು ಹಿಡಿದಿರುತ್ತೇನೆ ಎಂದು ನನ್ನ ಭುಜದ ಮೇಲೆ ಕೈಯಿಟ್ಟರು. ಅವತ್ತಿನ ಆ ಕೊನೆಯ ಮಾತನ್ನು ಪಲ್ಲವಿ ಆಮೇಲೆ ಯಾವಾಗಲೋ ಅವರಿಗೆ ಹೇಳಿರಬೇಕು.

ಎಲ್ಲ ಸರಿಯಾಗಿ ಆಯಿತು. ಪೂರ್ತಿ ಎಚ್ಚರವಾಗಿ ನಾನು ಅವರ ಕೈ ಒತ್ತಿದ ಮೇಲೆಯೇ ಗಂಟಲಿನ ನಳಿ ತೆಗೆದರು. ಒಂದು ದಿನ ಬೆರಳಿಗೆ ಕ್ಲಿಪ್ಪು, ಮೂಗಿಗೆ ನನ್ನ ಮಾಸ್ಕು ಹಾಕಿ ಕಣ್ಣಿಟ್ಟು ನೋಡಿಕೊಂಡರು. ಕ್ಲಿಪ್ಪಿನ ಅಂಕಿ ತೊಂಬತ್ತಾರಕ್ಕಿಂತ ಕೆಳಗೆ ಬರಲಿಲ್ಲ. ನಾನೇ ಪರದೆಯ ಕಡೆ ತಲೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಸುಮ್ಮನೆ ಮಲಗಿ ಎಂದು ನರ್ಸಿನಿಂದ ಬೈಸಿಕೊಂಡೆ. ಕಲ್ಲುಗಳು ಬೇಕೇನು ಎಂದು ಕೇಳಿದರು. ಬೇಡ ಎಂದೆ.

ಮನೆಗೆ ಬಂದು ಮೂರು ವಾರವಾಗಿತ್ತು. ದಿಲ್‌ಸುಖ್‌ನಗರದಿಂದ ಸುದ್ದಿ ಇರಲಿಲ್ಲ. ಪಲ್ಲವಿ ಮುಖ ಸಣ್ಣದು ಮಾಡಿಕೊಂಡಿರಲಿಲ್ಲ, ಆದರೆ ಫೋನನ್ನು ಅಡುಗೆಮನೆಗೂ ಒಯ್ಯುತ್ತಿದ್ದಳು. ಒಂದು ಭಾನುವಾರ ಹನ್ನೊಂದರ ಹೊತ್ತಿಗೆ ಬಾಗಿಲು ಬಡಿದರು. ನೋಡಿದರೆ ಬಸವರಾಜ, ಒಬ್ಬನೇ. ಹುಡುಗರು ಹೀಗೆ ಒಬ್ಬರೇ ಬರುವ ಪದ್ಧತಿ ನಮ್ಮಲ್ಲಿಲ್ಲ. ಇಲ್ಲ ಎಂದು ಎದುರಿಗೇ ಹೇಳಲು ಬಂದಿದ್ದಾನೆ, ಮರ್ಯಾದಸ್ಥ ಹುಡುಗ ಅಂದುಕೊಂಡೆ. ನನ್ನ ಆರೋಗ್ಯ ವಿಚಾರಿಸಿದ. ಚಹಾ ಬೇಡ ಅಂದ, ಆಮೇಲೆ ಹೂಂ ಅಂದ. ಮನೆಯವರ ಎದುರು ಕುರ್ಚಿಯ ತುದಿಯಲ್ಲಿ ಕೂತ. ನಾನು ಚಹಾಕ್ಕೆ ಇಟ್ಟು ಬಾಗಿಲ ಮರೆಯಲ್ಲಿ ನಿಂತೆ. ಪಲ್ಲವಿ ನನ್ನ ಹಿಂದೆ ನಿಂತಳು.

ಆಮೇಲೆ ಅವನು ಕೇಳಿದ.

"ಅವ್ವ ಎಲ್ಲಾ ಹೇಳ್ಯಾಳ್ರಿ. ಒಂದ ಕೇಳಬೇಕಾಗಿತ್ತು. ಉಸಿರ ನಿಂತದ್ದು ಬಾಜೂಕ ನಿದ್ದ್ಯಾಗ ಇದ್ದವರಿಗೆ ಹೆಂಗ ಗೊತ್ತಾಗತೈತ್ರಿ, ಮಾವಾರ?"

ಅವರನ್ನು ಅವನು ಅಲ್ಲಿಯತನಕ ಅಂಕಲ್ ಎಂದೇ ಕರೆಯುತ್ತಿದ್ದ. ಹಿಂದಿನಿಂದ ಪಲ್ಲವಿ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಮನೆಯವರು ಕನ್ನಡಕ ತೆಗೆದು ಒರೆಸಿದರು.

"ಗೊರಕಿ ಕೇಳಸೋತನಕ ಏನೂ ಚಿಂತಿಲ್ಲಪಾ," ಎಂದರು. "ನೀನೂ ಆರಾಮ ಮಲಗು. ಸಪ್ಪಳ ನಿಂತ್ರ ತಾನ ಎಚ್ಚರಾಗತೈತಿ."

ಚಹಾ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ನಾನು ನಿಂತಲ್ಲಿಂದ ಕದಲಲಿಲ್ಲ. ಇಷ್ಟು ವರ್ಷ ನಾನು ಮುಚ್ಚಿಡಲು ಒದ್ದಾಡಿದ ಆ ಸದ್ದನ್ನು ಕೇಳುತ್ತಲೇ ಈ ಮನುಷ್ಯ ನೆಮ್ಮದಿಯಿಂದ ನಿದ್ದೆ ಮಾಡಿದ್ದರು.